‘ಜರ್ಮನಿಯವರು ಎಷ್ಟು ಕಳಿಸ್ತಾರೆ?’

ನಮ್ಮ ಚರ್ಚಿನ ಸಭೆಗೂ ಜರ್ಮನಿಯ ಒಂದು ಚರ್ಚಿನ ಸಭೆಗೂ ಪಾಲುದಾರಿಕೆ ಇದೆ ಅಂತ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಇದು. ನಾನು ಪಾಠ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಆರಾಧನೆ ಮುಗಿದು ಚರ್ಚಿನ ಅಂಗಳದಲ್ಲಿ ಚಾ ಕುಡಿಯುವಾಗ ನಮ್ಮವರೇ ಕೇಳುತ್ತಾರೆ: “ಟೀಚರ್, ಅವರು ವರ್ಷಕ್ಕೆ ಎಷ್ಟು ಕಳಿಸ್ತಾರೆ?”

ಏನೂ ಕಳಿಸುವುದಿಲ್ಲ. ಹೀಗೆ ಹೇಳಿದರೆ ನಂಬುವವರು ಕಡಿಮೆ. “ಮತ್ತೆ ಯಾಕೆ ಬೇಕು ಇದೆಲ್ಲ?” ಅನ್ನುವುದು ಎರಡನೆಯ ಪ್ರಶ್ನೆ. ಇದಕ್ಕೆ ನಿಂತಲ್ಲೇ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಸಭೆ. ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯಕ್ಕೆ ಸೇರಿದ್ದು. ಹಳಬರ ಬಾಯಲ್ಲಿ ಈಗಲೂ ‘ಬಾಸೆಲ್ ಮಿಶನ್ ಚರ್ಚ್’. ಅವರದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿ. ಸ್ಟುಟ್‌ಗಾರ್ಟಿನಿಂದ ಲೋಕಲ್ ರೈಲು ಹತ್ತಿದರೆ ಸಾಕು. ಊರಿನ ಹೆಸರು ಬರೆಯುವುದಿಲ್ಲ. ಎರಡೂ ಕಡೆ ನಮ್ಮನ್ನು ನಂಬಿ ಕಷ್ಟಸುಖ ಹೇಳಿಕೊಂಡವರಿದ್ದಾರೆ, ಅವರ ಮಾತು ಅವರದ್ದಾಗಿಯೇ ಇರಲಿ.

ಯಾಕೆ ವುರ್ಟೆಂಬರ್ಗ್? ಪಾದ್ರಿಗಳನ್ನು ತಯಾರು ಮಾಡಿ ಹೊರದೇಶಗಳಿಗೆ ಕಳಿಸುತ್ತಿದ್ದ ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಆದರೆ ಅಲ್ಲಿ ಕಲಿತು ಹೊರಟ ಹುಡುಗರಲ್ಲಿ ತುಂಬಾ ಮಂದಿ ವುರ್ಟೆಂಬರ್ಗಿನ ಹಳ್ಳಿಗಳವರು. ರೈತರ ಮಕ್ಕಳು, ನೇಕಾರರ ಮಕ್ಕಳು, ಬಡಗಿಗಳ ಮಕ್ಕಳು. 1834ರ ಅಕ್ಟೋಬರ್ 30ಕ್ಕೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ ಬಂತು. 1843ರಲ್ಲಿ ಮಿಶನಿನ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದರು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಯಿತು. ಇದೆಲ್ಲ ಕನ್ನಡ ಓದಿದ ಎಲ್ಲರಿಗೂ ಗೊತ್ತಿರುವ ಕಥೆ.

ನಮ್ಮ ಮನೆಯ ಕಥೆ ಬೇರೆ. ಅದು ನಿಘಂಟಿನದ್ದಲ್ಲ, ಹಂಚಿನದ್ದು.

1865ರಲ್ಲಿ ಮಿಶನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನನ್ನ ಅಜ್ಜನ ಅಪ್ಪ ಮಣ್ಣು ಹದ ಮಾಡುವ ಕೆಲಸಕ್ಕೆ ಅಲ್ಲಿಗೆ ಸೇರಿದವರು. ಆ ಕಾರ್ಖಾನೆ ಯಾಕೆ ಬೇಕಾಯಿತು ಅಂದರೆ, ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಗೇಣಿ ಭೂಮಿ ಕೈತಪ್ಪುತ್ತಿತ್ತು. ಕುಲಕಸುಬು ಹೋಗುತ್ತಿತ್ತು. ಅವರಿಗೆ ಒಂದು ಹೊಟ್ಟೆಪಾಡು ಬೇಕಿತ್ತು. ಮಿಶನ್ ಅದನ್ನು ಕೊಟ್ಟಿತು. ಅದಕ್ಕೆ ನನ್ನ ಮನಸ್ಸಿನಲ್ಲಿ ಕೃತಜ್ಞತೆ ಇದೆ, ಯಾವತ್ತೂ ಇರುತ್ತದೆ.

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಕೂಲಿ ಕೊಡುವವರೂ ಅವರೇ, ಇರಲು ಮನೆ ಕೊಡುವವರೂ ಅವರೇ, ಭಾನುವಾರ ಪ್ರಸಂಗಪೀಠದಲ್ಲಿ ನಿಂತು ತಪ್ಪು ಒಪ್ಪು ಹೇಳುವವರೂ ಅವರೇ. ಹಾಗಿರುವಾಗ ಎದುರು ಮಾತಾಡುವುದು ಹೇಗೆ? ಕೈ ಮುಗಿದು ತಗೊಳ್ಳುವುದು ನಮ್ಮ ಅಭ್ಯಾಸವಾಯಿತು. ಕೊಟ್ಟು ಲೆಕ್ಕ ಕೇಳುವುದು ಅವರ ಅಭ್ಯಾಸವಾಯಿತು. ಕಾರ್ಖಾನೆ ಹೋಗಿ ನೂರು ವರ್ಷ ಆದರೂ ಆ ಅಭ್ಯಾಸ ಪೂರ್ತಿ ಹೋಗಿಲ್ಲ. ‘ಎಷ್ಟು ಕಳಿಸ್ತಾರೆ’ ಅನ್ನುವ ಪ್ರಶ್ನೆಯ ಬೇರು ಅಲ್ಲಿದೆ ಅಂತ ನನಗನ್ನಿಸುತ್ತದೆ.

ಈಗಿನ ವ್ಯವಸ್ಥೆ ಬೇರೆಯೇ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟಿದಾಗ ನಮ್ಮ ಕರಾವಳಿಯ ಬಾಸೆಲ್ ಮಿಶನ್ ಸಭೆಗಳು ಅದರೊಳಗೆ ಬಂದವು. ಅತ್ತ ಸ್ಟುಟ್‌ಗಾರ್ಟಿನಲ್ಲಿ 1972ರಲ್ಲಿ ಇಎಮ್‌ಎಸ್ ಎಂಬ ಮಿಶನ್ ಸಂಸ್ಥೆ ಹುಟ್ಟಿತು. ಈಗ ಅದರಲ್ಲಿ ಜರ್ಮನಿಯ ಸಭೆಗಳ ಜೊತೆ ಭಾರತ, ಘಾನಾ, ಇಂಡೋನೇಷ್ಯಾ, ಕೊರಿಯಾ, ಜಪಾನ್ ಕಡೆಯ ಸಭೆಗಳೂ ಸದಸ್ಯರು. ಸಿಎಸ್‌ಐ ಕೂಡ ಸದಸ್ಯ. ಬಾಸೆಲಿನಲ್ಲಿ ಬಾಸೆಲ್ ಮಿಶನಿನ ಕೆಲಸ ಮುಂದುವರಿಸುವ ‘ಮಿಶನ್ 21’ 2001ರಿಂದ ಇದೆ. ಇವು ದೊಡ್ಡ ಮಟ್ಟದ ಸಂಬಂಧಗಳು. ಅದರ ಕೆಳಗೆ ಊರಿಗೆ ಊರು, ಸಭೆಗೆ ಸಭೆ ಅಂತ ನಮ್ಮಂಥ ಸಣ್ಣ ಜೋಡಿಗಳಿವೆ.

ಹಣದ ಮಾತು ಮುಗಿಸಿಬಿಡುತ್ತೇನೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರದ್ದು. 2020ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ನೋಂದಣಿ ಇರುವ ಸಂಸ್ಥೆ ಮಾತ್ರ ಹಣ ಪಡೆಯಬಹುದು. ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ಮೊದಲು ಶೇ. 50ರವರೆಗೆ ಆಗುತ್ತಿತ್ತು, ಈಗ ಶೇ. 20. ನಮ್ಮಂಥ ಒಂದು ಪೇಟೆಯ ಸಭೆಗೆ ಅಲ್ಲಿಂದ ಯಾರೋ ಪ್ರೀತಿಯಿಂದ ನೂರು ಯೂರೋ ಕಳಿಸುತ್ತೇನೆ ಅಂದರೂ ತಗೊಳ್ಳಲು ದಾರಿ ಇಲ್ಲ.

ಈ ಕಾನೂನಿನಿಂದ ಕಷ್ಟಕ್ಕೆ ಬಿದ್ದ ಆಸ್ಪತ್ರೆ, ಹಾಸ್ಟೆಲುಗಳು ನಾಡಿನಲ್ಲಿ ಇವೆ. ಆ ನೋವು ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಸಮಿತಿಯ ಮಟ್ಟಿಗೆ ಒಂದು ಸಂಗತಿ ಆಯಿತು. ಹಣದ ಮಾತೇ ಇಲ್ಲ ಅಂದ ಮೇಲೆ ವಿಡಿಯೋ ಕಾಲಿನಲ್ಲಿ ಏನು ಮಾತಾಡುವುದು? ಮೊದಲೆಲ್ಲ ವರದಿ, ಫೋಟೋ, ಧನ್ಯವಾದ ಪತ್ರ, ಇದರಲ್ಲೇ ಹೊತ್ತು ಹೋಗುತ್ತಿತ್ತು. ಅದು ನಿಂತಾಗ ಮೊದಲ ಕೆಲವು ಸಲ ಇಬ್ಬರೂ ತಡಬಡಾಯಿಸಿದೆವು. ಆಮೇಲೆ ನಿಜವಾದ ಮಾತು ಶುರುವಾಯಿತು.

ಅವರು ನಮ್ಮಲ್ಲಿಗೆ ಬರುವುದು ಬೆಳೆ ಹಬ್ಬದ ಹೊತ್ತಿಗೆ. ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಹಾಗಾಗಿ ಅಲ್ಲಿಯ ಪಾದ್ರಿಯವರು ಬಂದರೂ ಪ್ರಸಂಗಪೀಠ ಹತ್ತುವುದಿಲ್ಲ. ನಮ್ಮ ಜೊತೆ ಬೆಂಚಿನಲ್ಲೇ ಕೂರುತ್ತಾರೆ. ನಮ್ಮ ಪಾದ್ರಿ ಅಯ್ಯನವರು ಕನ್ನಡದಲ್ಲಿ ಪ್ರಸಂಗ ಮಾಡುತ್ತಾರೆ, ಅತಿಥಿಗಳ ಪಕ್ಕ ಕೂತ ನಮ್ಮ ಕಾಲೇಜು ಹುಡುಗಿ ಪಿಸುಮಾತಿನಲ್ಲಿ ಇಂಗ್ಲಿಷಿಗೆ ಹೇಳುತ್ತಾಳೆ. ಇದನ್ನು ನೋಡುವಾಗಲೆಲ್ಲ ನನಗೆ ಸಮಾಧಾನವಾಗುತ್ತದೆ. ಹೆಬಿಕ್ ಕಾಲದಿಂದ ನಾವು ಕೇಳಿದವರು, ಅವರು ಹೇಳಿದವರು. ಈಗ ಅವರು ಕೇಳುತ್ತಾರೆ. ಹಾಡಿನ ಹೊತ್ತಿಗೆ ಮಾತ್ರ ತರ್ಜುಮೆ ಬೇಡ. ನಮ್ಮ ಗೀತೆಗಳಲ್ಲಿ ಎಷ್ಟೋ ರಾಗಗಳು ಅವರ ಕಡೆಯವು. ನಾವು ಕನ್ನಡದಲ್ಲಿ ಹಾಡುತ್ತೇವೆ, ಅವರು ಜರ್ಮನಿನಲ್ಲಿ. ನಾಲ್ಕು ಧ್ವನಿಯಲ್ಲಿ ಹಾಡುವುದನ್ನು ನಮ್ಮ ಹಿರಿಯರು ಬಿಟ್ಟಿಲ್ಲ. ಅವರ ಊರಲ್ಲಿ ಈಗ ಗಂಡು ಧ್ವನಿಗೆ ಜನ ಸಿಗುವುದಿಲ್ಲವಂತೆ.

ಆರಾಧನೆ ಆದ ಮೇಲೆ ಏಲಂ. ಬಾಳೆಗೊನೆ, ತೆಂಗಿನಕಾಯಿ, ಸುವರ್ಣಗೆಡ್ಡೆ, ಊರಿನ ಕೋಳಿ, ಯಾರೋ ಮನೆಯಲ್ಲಿ ಮಾಡಿ ತಂದ ಉಪ್ಪಿನಕಾಯಿ, ಎಲ್ಲವೂ ಏಲಂಗೆ. ನಮ್ಮಲ್ಲಿ ಒಂದೇ ಕೋಳಿಯನ್ನು ಗೆದ್ದವರು ಮತ್ತೆ ಸಭೆಗೇ ಕೊಟ್ಟು, ಮತ್ತೆ ಏಲಂ ಆಗಿ, ಅದು ಮೂರು ನಾಲ್ಕು ಕೈ ದಾಟುವುದುಂಟು. ಅಲ್ಲಿಂದ ಬಂದ ಒಬ್ಬರು ಮೊದಲು ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ ಸುವರ್ಣಗೆಡ್ಡೆಗೆ ಕೂಗಲು ಶುರು ಮಾಡಿದರು. ನಮ್ಮ ಒಬ್ಬ ಹಿರಿಯರು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಗೆದ್ದದ್ದು ನಮ್ಮ ಹಿರಿಯರೇ. ಗೆದ್ದು ಆ ಗೆಡ್ಡೆಯನ್ನು ಅತಿಥಿಯ ಕೈಗೇ ಕೊಟ್ಟರು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಅದರ ಪಲ್ಯ.

ಆ ಅತಿಥಿ ದ್ರಾಕ್ಷಿ ಬೆಳೆಗಾರರು. ನೆಕರ್ ನದಿಯ ಇಳಿಜಾರಿನಲ್ಲಿ ಅವರ ತೋಟ. ಮರುದಿನ ನಮ್ಮ ಅಣ್ಣನ ಅಡಿಕೆ ತೋಟ ತೋರಿಸಲು ಕರೆದುಕೊಂಡು ಹೋದೆವು. ಕೊಟ್ಟಿಗೆಯ ಪಕ್ಕ ಮದ್ದು ಬಿಡುವ ಡ್ರಮ್ಮು ಇತ್ತು. ಒಳಗೆಲ್ಲ ನೀಲಿ ಕಲೆ ಹಿಡಿದ ಡ್ರಮ್ಮು. ಅದನ್ನು ನೋಡಿದ್ದೇ ಅವರು ಬೆರಳಿನಿಂದ ಒಂದಿಷ್ಟು ಕೆರೆದರು. “ಬೋರ್ಡೋ?” ಅಂದರು. ಅಣ್ಣನಿಗೆ ಆಶ್ಚರ್ಯ. ಕೊಳೆರೋಗಕ್ಕೆ ನಾವು ಹೊಡೆಯುವ ಮೈಲುತುತ್ತು, ಸುಣ್ಣದ ದ್ರಾವಣ ಮೊದಲು ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅವರ ಅಪ್ಪನೂ ಅದನ್ನೇ ಹೊಡೆಯುತ್ತಿದ್ದರಂತೆ. ಅಣ್ಣನಿಗೆ ಜರ್ಮನ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಮದ್ದಿನ ಪ್ರಮಾಣ, ಮಳೆ ನಡುವೆ ಹೊಡೆದರೆ ತೊಳೆದು ಹೋಗುವ ಸಂಕಟ, ಮರ ಹತ್ತಲು ಜನ ಸಿಗದಿರುವುದು, ಅಲ್ಲಿ ಇಳಿಜಾರಿನಲ್ಲಿ ದ್ರಾಕ್ಷಿ ಕೊಯ್ಯಲು ಜನ ಸಿಗದಿರುವುದು, ಎಲ್ಲ ಮಾತಾಡಿದರು. ನಾನು ನಡುವೆ ತರ್ಜುಮೆ ಮಾಡಲು ಹೋದರೆ ಇಬ್ಬರೂ ನನ್ನನ್ನು ಸುಮ್ಮನಿರಿಸಿದರು. ಇಬ್ಬರ ಮಕ್ಕಳೂ ತೋಟ ಬೇಡ ಅಂದಿದ್ದಾರೆ. ಆ ಮಾತು ಇಬ್ಬರಿಗೂ ಯಾರ ಸಹಾಯ ಇಲ್ಲದೆ ಅರ್ಥವಾಯಿತು.

ಇನ್ನು ಫೋಟೋದ ವಿಷಯ. ನನ್ನ ಮಟ್ಟಿಗೆ ಈ ಪಾಲುದಾರಿಕೆಯಲ್ಲಿ ನಡೆದ ದೊಡ್ಡ ಕೆಲಸ ಅಂದರೆ ಇದೇ.

ಬಾಸೆಲಿನ ಸಂಗ್ರಹಾಲಯದಲ್ಲಿ ಮಿಶನಿನ ಹಳೆಯ ಚಿತ್ರಗಳು ಸಾವಿರಾರು ಇವೆ. ಒಂದು ಸಲ ಬರುವಾಗ ಅವರು ಹಂಚಿನ ಕಾರ್ಖಾನೆಯ ಒಂದು ಚಿತ್ರದ ಪ್ರತಿ ತಂದರು. ಸಾಲಾಗಿ ನಿಂತ ಗಂಡಸರು, ಮುಂದೆ ನೆಲದಲ್ಲಿ ಕೂತ ಹೆಂಗಸರು. ನಡುವೆ ಕುರ್ಚಿಯಲ್ಲಿ ಒಬ್ಬ ಬಿಳಿಯರು. ಕೆಳಗೆ ಬರೆದಿದ್ದು ಆ ಬಿಳಿಯರ ಹೆಸರು. ಉಳಿದವರಿಗೆಲ್ಲ ಸೇರಿ ಒಂದೇ ಮಾತು, ‘ಕೆಲಸಗಾರರು’.

ನಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನು ಹರಡಿದೆವು. ದೊಡ್ಡಮ್ಮನನ್ನು ಕರೆದೆವು. ಸಭೆಯಲ್ಲಿ ಈಗ ಇರುವವರಲ್ಲಿ ಅವರೇ ಹಿರಿಯರು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಮುಖ ನೋಡಿದರು. ಯಾರನ್ನೂ ಗುರುತಿಸಲು ಆಗಲಿಲ್ಲ. ಅಷ್ಟು ಹಿಂದಿನ ಚಿತ್ರ ಅದು. ಆದರೆ ಒಬ್ಬ ಹೆಂಗಸಿನ ರವಿಕೆಯ ಮೇಲೆ ಬೆರಳಿಟ್ಟರು. ಉದ್ದ ತೋಳು, ಸೊಂಟದ ಕೆಳಗೆ ಇಳಿಯುವ ರವಿಕೆ. “ನಮ್ಮ ಅಜ್ಜಿ ಸಾಯುವವರೆಗೂ ಇದನ್ನೇ ಹಾಕುತ್ತಿದ್ದರು. ಮಿಶನಿನ ಹೊಲಿಗೆ ಇದು” ಅಂದರು. ಆಮೇಲೆ ಅತಿಥಿಗಳ ಕಡೆ ತಿರುಗಿ ಕೇಳಿದರು, “ಇವರ ಹೆಸರು ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ವಾ?”

ಆ ಪ್ರಶ್ನೆಯನ್ನು ಅವರು ಹೊತ್ತುಕೊಂಡು ಹೋದರು. ಹೋಗಿ ಸುಮ್ಮನಿರಲಿಲ್ಲ.

ಅಲ್ಲಿಯ ವರದಿಗಳು, ಕಾಗದಗಳು ಜರ್ಮನಿನಲ್ಲಿವೆ. ಕೈಬರಹ ಹಳೆಯದು, ‘ಕುರೆಂಟ್’ ಅನ್ನುವ ಲಿಪಿ. 1941ರಲ್ಲಿ ಅಲ್ಲಿಯ ಶಾಲೆಗಳಲ್ಲಿ ಆ ಬಗೆಯ ಬರಹ ಕಲಿಸುವುದು ನಿಂತುಹೋಯಿತು. ಈಗಿನ ಜರ್ಮನರಿಗೆ ತಮ್ಮ ಮುತ್ತಜ್ಜನ ಕಾಗದ ಓದಲು ಬರುವುದಿಲ್ಲ. ಆ ಹಳ್ಳಿಯಲ್ಲಿ ನಿವೃತ್ತ ಟೀಚರ್ ಒಬ್ಬರಿಗೆ ಬರುತ್ತದೆ. ಅವರ ಅಜ್ಜಿ ಕಲಿಸಿದ್ದಂತೆ. ನಮ್ಮಲ್ಲಿ ಚರ್ಚಿನ ಕಪಾಟಿನಲ್ಲಿ ದೀಕ್ಷಾಸ್ನಾನದ ರಿಜಿಸ್ಟರ್‌ಗಳಿವೆ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಕಸುಬು, ಸಾಕ್ಷಿಗಳು. ಕಸುಬಿನ ಕಾಲಮಿನಲ್ಲಿ ‘ಹಂಚಿನ ಕೆಲಸ’, ‘ನೇಯ್ಗೆ’, ‘ಬುಕ್ಕು ಕಟ್ಟುವವ’, ‘ಅಡಿಗೆ’ ಅಂತೆಲ್ಲ ಇದೆ. ಇಲ್ಲಿಯ ಕೈಬರಹವೂ ಸುಲಭವಲ್ಲ. ಮಸಿ ಹಾಳೆಯ ಆಚೆಗೆ ಇಳಿದಿದೆ, ಕೆಲವು ಕಡೆ ಗೆದ್ದಲು ಹಿಡಿದಿದೆ. ದೊಡ್ಡಮ್ಮ ಓದುತ್ತಾರೆ, ನಮ್ಮ ಹುಡುಗರು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾರೆ.

ಹೀಗೆ ಇಬ್ಬರೂ ಓದುತ್ತಿದ್ದೇವೆ. ಅವರ ಕಾಗದ ನಮಗೆ ಬೇಕು, ನಮ್ಮ ರಿಜಿಸ್ಟರ್ ಅವರಿಗೆ ಬೇಕು. ಒಂದು ಇಲ್ಲದೆ ಇನ್ನೊಂದು ಅರ್ಧ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿಂದ ಬಂದ ಒಂದು ಕಾಗದದಲ್ಲಿ ಪಾದ್ರಿಯೊಬ್ಬರು ಬರೆದಿದ್ದರು: ಒಬ್ಬ ಕೆಲಸಗಾರ ಭೂತಕೋಲಕ್ಕೆ ಹೋಗಿ ಬಂದ, ಅದಕ್ಕೆ ಅವನನ್ನು ಸಭೆಯಿಂದ ಹೊರಗಿಟ್ಟೆವು, ಕೆಲಸವೂ ಹೋಯಿತು. ಹೆಸರಿಲ್ಲ. ಆದರೆ ಕಾಗದದಲ್ಲಿ ತಿಂಗಳು, ಅವನ ಕೆಲಸ, ಅವನಿಗೆ ಆಗಷ್ಟೇ ಮಗು ಹುಟ್ಟಿದ್ದು, ಎಲ್ಲ ಇತ್ತು. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೆ ಹೊಂದುವ ಒಂದು ಮನೆ ಸಿಕ್ಕಿತು. ಆ ಮಗುವಿನ ದೀಕ್ಷಾಸ್ನಾನ ಎರಡು ವರ್ಷ ತಡವಾಗಿ ಆಗಿದೆ. ಕಸುಬಿನ ಜಾಗದಲ್ಲಿ ಹಂಚಿನ ಕೆಲಸ ಹೋಗಿ ‘ಕೂಲಿ’ ಅಂತ ಬಂದಿದೆ. ಅವನೇ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಎರಡು ವರ್ಷ ಆ ಮನೆಯವರು ಏನು ಉಂಡರು, ಯಾರು ಅವರನ್ನು ಮಾತಾಡಿಸಿದರು ಅಂತ ನಮ್ಮ ಸಮಿತಿಯ ಎಲ್ಲರೂ ಯೋಚಿಸಿದೆವು. ಅಣ್ಣನ ಮನೆಯ ಕೋಲಕ್ಕೆ ಹೋಗಿದ್ದನೋ ಏನೋ. ಒಡಹುಟ್ಟಿದವರನ್ನು ಬಿಟ್ಟು ಬಂದವನಿಗೆ ಅಷ್ಟು ಸಂಬಂಧವೂ ಬೇಡವಾ?

ಇದನ್ನು ವಿಡಿಯೋ ಕಾಲಿನಲ್ಲಿ ಓದಿದಾಗ ಆ ಕಡೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ನಮ್ಮ ಸಭೆಯಿಂದ ಒಂದು ಕ್ಷಮೆಯ ಪತ್ರ ಬರೆಯುತ್ತೇವೆ ಅಂದರು. ಮನಸ್ಸಿನಿಂದ ಬಂದ ಮಾತು ಅದು. ಆದರೆ ನಮ್ಮ ಹಿರಿಯರೊಬ್ಬರು ತಡೆದರು. “ಕ್ಷಮೆ ಆಮೇಲೆ ಕೇಳಿ. ಮೊದಲು ಪೂರ್ತಿ ಓದಿ” ಅಂದರು. ಒರಟಾಗಿ ಅಲ್ಲ, ಪ್ರೀತಿಯಿಂದಲೇ. ಬೇಗ ಕ್ಷಮೆ ಕೇಳಿ ಮುಗಿಸಿದರೆ ಓದುವುದೂ ಅಲ್ಲಿಗೇ ನಿಲ್ಲುತ್ತದೆ ಅಂತ ಅವರ ಯೋಚನೆ. ಅವರು ಹೇಳಿದ್ದು ಸರಿ ಅಂತ ನಾನು ನಂಬುತ್ತೇನೆ. ಓದು ಇನ್ನೂ ನಡೆಯುತ್ತಿದೆ.

ನಾವು ಅಲ್ಲಿಗೆ ಹೋದಾಗ ನೋಡಿದ್ದು ಬೇರೊಂದು ಸಂಕಟ.

ಚರ್ಚ್ ಕಟ್ಟಡ ಚಂದ. ಕಲ್ಲಿನ ಗೋಪುರ, ದೊಡ್ಡ ಆರ್ಗನ್. ಭಾನುವಾರ ಬಂದವರು ಒಂದು ಕೈಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬಂದವರ ತಲೆಯೆಲ್ಲ ಬಿಳಿ. ಅಲ್ಲಿ ಚರ್ಚಿನ ಖರ್ಚು ನಡೆಯುವುದು ತೆರಿಗೆಯಿಂದ. ಸದಸ್ಯರು ಕಟ್ಟುವ ಆದಾಯ ತೆರಿಗೆಯ ಮೇಲೆ ಶೇ. 8 ಚರ್ಚ್ ತೆರಿಗೆ, ಅದನ್ನು ಸರಕಾರವೇ ವಸೂಲಿ ಮಾಡಿ ಚರ್ಚಿಗೆ ಕೊಡುತ್ತದೆ. ಬೇಡ ಅಂದರೆ ಸರಕಾರಿ ಕಚೇರಿಗೆ ಹೋಗಿ ಸಹಿ ಹಾಕಿದರಾಯಿತು, ಸದಸ್ಯತ್ವ ಮುಗಿಯಿತು. ಇಪ್ಪತ್ತು ವರ್ಷದ ಹಿಂದೆ ಜರ್ಮನಿಯ ಇವ್ಯಾಂಜೆಲಿಕಲ್ (ಪ್ರೊಟೆಸ್ಟೆಂಟ್) ಸಭೆಗಳಲ್ಲಿ 2.5 ಕೋಟಿಗೂ ಜಾಸ್ತಿ ಜನ ಇದ್ದರು. 2024ರ ಕೊನೆಗೆ 1.8 ಕೋಟಿಗಿಂತ ಕೆಳಗೆ ಬಂತು. ಒಬ್ಬ ಪಾದ್ರಿಯವರಿಗೆ ಈಗ ಮೂರು ನಾಲ್ಕು ಹಳ್ಳಿ.

ಅವರ ಸಭಾಭವನವನ್ನು ಮಾರುವ ತೀರ್ಮಾನ ಆಗಿತ್ತು. ಮದುವೆ, ಮಕ್ಕಳ ಕ್ರಿಸ್‌ಮಸ್ ನಾಟಕ, ಸತ್ತವರ ಮನೆಯವರಿಗೆ ಕಾಫಿ ಕೊಡುವುದು, ಎಲ್ಲ ನಡೆಯುತ್ತಿದ್ದ ಜಾಗ. ಅಲ್ಲಿ ನಮಗೆ ಊಟ ಬಡಿಸಿದ ಅಮ್ಮ ಒಬ್ಬರು ಅಡುಗೆಮನೆಯ ಕಪಾಟು ತೆಗೆದು ತೋರಿಸಿದರು. ಒಂದೇ ಹೂವಿನ ಚಿತ್ರದ ಕಪ್ಪುಗಳು ಸಾಲು ಸಾಲು. ಯುದ್ಧ ಮುಗಿದು ಏನೂ ಇಲ್ಲದ ಕಾಲದಲ್ಲಿ ಅವರ ತಾಯಿಯ ತಲೆಮಾರಿನ ಹೆಂಗಸರು ಮನೆ ಮನೆಗೆ ಹೋಗಿ ದುಡ್ಡು ಕೂಡಿಸಿ ತಂದದ್ದಂತೆ. “ಇದನ್ನು ಯಾರು ತಗೊಳ್ಳುತ್ತಾರೆ?” ಅಂತ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ.

ಆ ರಾತ್ರಿಯ ಸಭೆಯಲ್ಲಿ ಅವರು ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ. “1914ರಲ್ಲಿ ನಮ್ಮಿಂದ ಹಣ ನಿಂತು ಹೋದಾಗ ನೀವು ಹೇಗೆ ನಡೆಸಿದಿರಿ?”

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟರು. ಆಮೇಲೆ ಊರಿಗೆ ಕಳಿಸಿಬಿಟ್ಟರು. ಹಂಚು, ನೇಯ್ಗೆಯ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ನಮ್ಮ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು ಮಾತ್ರ ಇದ್ದಲ್ಲೇ ಉಳಿದರು. ನಾನು ಅಜ್ಜಿಯಿಂದ ಕೇಳಿದ್ದನ್ನು ಹೇಳಿದೆ. ಅನ್ನಕ್ಕೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವುದು. ವಾರಕ್ಕೊಮ್ಮೆ ಹೆಂಗಸರು ಅದನ್ನು ಒಟ್ಟು ಮಾಡಿ ತಂದು ಉಪದೇಶಿಯ ಮನೆಗೆ ಸ್ವಲ್ಪ, ಮಾರಿ ಸಭೆಯ ಖರ್ಚಿಗೆ ಸ್ವಲ್ಪ. ಹಿಡಿ ಅಕ್ಕಿ ಅಂತ ಅದಕ್ಕೆ ಹೆಸರು. ಕಾಯಿ ಇದ್ದವರು ಕಾಯಿ, ದುಡ್ಡಿದ್ದವರು ದುಡ್ಡು. ಇಲ್ಲದವರು ಶನಿವಾರ ಬಂದು ಅಂಗಳ ಗುಡಿಸಿದರು. ಬೇರೆ ಮಿಶನಿನವರ ಸಹಾಯವೂ ಇತ್ತು, ಅದನ್ನು ಮರೆಯಬಾರದು. ಆದರೆ ದಿನದಿನದ ಸಭೆಯನ್ನು ಎತ್ತಿ ಹಿಡಿದದ್ದು ಈ ಹೆಂಗಸರು.

ಅವರು ಬರೆದುಕೊಂಡರು. ಬರೆದುಕೊಂಡು ಸಣ್ಣ ಸಣ್ಣ ಪ್ರಶ್ನೆ ಕೇಳಿದರು. ಅಕ್ಕಿ ಕೊಡದವರನ್ನು ಏನು ಮಾಡುತ್ತಿದ್ದಿರಿ? ಲೆಕ್ಕ ಯಾರು ಇಡುತ್ತಿದ್ದರು? ಪಾದ್ರಿ ಇಲ್ಲದ ಭಾನುವಾರ ಯಾರು ಓದುತ್ತಿದ್ದರು? ಇನ್ನೂರು ವರ್ಷಕ್ಕೆ ಹತ್ತಿರವಾದ ಈ ಸಂಬಂಧದಲ್ಲಿ ಅವರಿಗೆ ನಮ್ಮಿಂದ ಏನೋ ಬೇಕಾಗಿದೆ, ನಮ್ಮ ಹತ್ತಿರ ಅದು ಇದೆ ಅಂತ ನನಗೆ ಖಚಿತವಾದದ್ದು ಆ ರಾತ್ರಿ. ‘ಯಾಕೆ ಬೇಕು ಇದೆಲ್ಲ’ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದು. ಈಗ ಅಲ್ಲಿ ಪಾದ್ರಿ ಬರಲಾಗದ ಭಾನುವಾರ ಸಭೆಯವರೇ ಯಾರದಾದರೂ ಮನೆಯಲ್ಲಿ ಸೇರಿ ಓದಿ ಪ್ರಾರ್ಥಿಸುತ್ತಾರೆ.

ಆದರೆ ಎಲ್ಲ ಸಮವಾಗಿದೆ ಅಂತ ನಾನು ಹೇಳಲಾರೆ. ವೀಸಾ ಒಂದು ಸಾಕು ತೋರಿಸಲು. ಅವರು ಬರುವುದಾದರೆ ಮನೆಯಲ್ಲಿ ಕೂತು ಇ-ವೀಸಾಗೆ ಅರ್ಜಿ ಹಾಕುತ್ತಾರೆ. ನಾವು ಹೋಗುವುದಾದರೆ ಆಮಂತ್ರಣ ಪತ್ರ, ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ರಜೆಯ ಪತ್ರ, 30,000 ಯೂರೋ ವಿಮೆ, ಬೆರಳಚ್ಚು. ಎಲ್ಲ ಕೊಟ್ಟ ಮೇಲೂ ನಮ್ಮ ಯುವಜನ ಕೂಟದ ಒಬ್ಬ ಹುಡುಗನಿಗೆ ವೀಸಾ ಸಿಗಲಿಲ್ಲ. ವೈರಿಂಗ್ ಕೆಲಸ ಮಾಡುವ ಹುಡುಗ, ಸಂಬಳದ ಚೀಟಿ ಎಲ್ಲಿಂದ ತರುವುದು? ಅಚ್ಚಾದ ಕಾಗದದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ ಕಳಿಸಿದ್ದರು. ವಾಪಸ್ ಬರುವ ಭರವಸೆ ಇಲ್ಲ ಅಂತ ಅದರ ಅರ್ಥ. ಅಮ್ಮನನ್ನು ಒಬ್ಬಳೇ ಬಿಟ್ಟು ಮಂಗಳೂರಲ್ಲೂ ರಾತ್ರಿ ನಿಲ್ಲದ ಹುಡುಗ ಅವನು.

ಅದನ್ನು ಕೇಳಿ ಅಲ್ಲಿಯ ಹಿರಿಯರ ಮಂಡಳಿ ಒಂದು ತೀರ್ಮಾನ ಮಾಡಿತು. ನಮ್ಮಿಂದ ಎಷ್ಟು ಜನ ಅಲ್ಲಿಗೆ ಹೋಗಲು ಆಗುತ್ತದೋ ಅಷ್ಟೇ ಜನ ಅವರು ಇಲ್ಲಿಗೆ ಬರುವುದು. ಮರು ವರ್ಷ ಟಿಕೆಟು ತೆಗೆಯಲು ತಯಾರಾಗಿದ್ದ ಒಬ್ಬರು ತಾವಾಗಿ ಹಿಂದೆ ಸರಿದರು. ಇದರಿಂದ ಆ ಹುಡುಗನಿಗೆ ವೀಸಾ ಸಿಗುವುದಿಲ್ಲ, ನಿಜ. ಆದರೆ ಅವನಿಗೆ ಆದ ಅವಮಾನವನ್ನು ಅವರೂ ಹಂಚಿಕೊಂಡರು ಅಂತ ಅವನಿಗೆ ಗೊತ್ತಾಯಿತು. ಅವರ ಜೊತೆ ಈಗಲೂ ಮೆಸೇಜು ಮಾಡುತ್ತಾನೆ.

ನಮ್ಮ ಕಡೆಯಿಂದ ಅಲ್ಲಿಗೆ ಹೋದ ಮೊದಲಿಗರ ನೆನಪು ಇಲ್ಲಿ ಬರುತ್ತದೆ. ಹೆರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನಲ್ಲಿ 1844ರಲ್ಲಿ ಕ್ರೈಸ್ತರಾದ ಬ್ರಾಹ್ಮಣ ಯುವಕ. 1846ರಲ್ಲಿ ಮೊಗ್ಲಿಂಗ್ ಜೊತೆ ಬಾಸೆಲಿಗೆ ಹೋಗಿ, ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಊರಿಗೆ ಬಂದರು. ಹೆಬಿಕ್ ಬಂದು ಹನ್ನೆರಡೇ ವರ್ಷಕ್ಕೆ ಎದುರು ದಿಕ್ಕಿನ ಪ್ರಯಾಣವೂ ಶುರುವಾಗಿತ್ತು. ಇದನ್ನು ನಮ್ಮ ಭಾನುವಾರ ಶಾಲೆಯ ಮಕ್ಕಳಿಗೆ ನಾನು ತಪ್ಪದೆ ಹೇಳುತ್ತೇನೆ.

ಅಲ್ಲಿದ್ದಾಗ ಘಾನಾದಿಂದ ಬಂದ ಒಬ್ಬ ಅಕ್ಕ ಸಿಕ್ಕಿದರು. ಬಾಸೆಲ್ ಮಿಶನ್ ಘಾನಾಕ್ಕೆ ಹೋದದ್ದು 1828ರಲ್ಲಿ, ನಮ್ಮಲ್ಲಿಗಿಂತ ಮೊದಲು. ಇಲ್ಲಿ ಕಿಟ್ಟೆಲ್ ಹೇಗೋ ಅಲ್ಲಿ ಕ್ರಿಸ್ಟಾಲರ್. ತ್ವಿ ಭಾಷೆಗೆ ನಿಘಂಟು ಮಾಡಿದವರು. ಈ ಕ್ರಿಸ್ಟಾಲರ್ ವುರ್ಟೆಂಬರ್ಗಿನವರು. ಜರ್ಮನ್ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ನಾವಿಬ್ಬರೂ ಇದನ್ನೆಲ್ಲ ಮಾತಾಡಿದೆವು. ಅವರ ಊರಲ್ಲೂ ಹಬ್ಬದ ದಿನ ಬೆಳೆ ತಂದು ಏಲಂ ಹಾಕುವುದುಂಟಂತೆ. ನಮ್ಮಿಬ್ಬರಿಗೆ ಜರ್ಮನಿಯವರ ಮಧ್ಯಸ್ಥಿಕೆ ಇಲ್ಲದೆ ನೇರ ಸಂಬಂಧ ಯಾಕೆ ಇರಬಾರದು? ಈಗ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ನಮ್ಮ ಸಭೆಯ ಹೆಂಗಸರ ಸಂಘವಾದ ಸ್ತ್ರೀ ಅನ್ಯೋನ್ಯ ಕೂಟದವರೂ ಸೇರಿಕೊಂಡಿದ್ದಾರೆ.

ಪ್ರಾರ್ಥನೆಯ ಪಟ್ಟಿ ಪ್ರತಿ ವಾರ ಎರಡೂ ಕಡೆ ಹೋಗುತ್ತದೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಅಲ್ಲಿ ಪ್ರಾರ್ಥಿಸಿದರು. 2021ರಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ ಪ್ರವಾಹ ಬಂದಾಗ ನಾವು. ದೊಡ್ಡ ಸುದ್ದಿಯ ಜೊತೆ ಸಣ್ಣದೂ ಇರುತ್ತದೆ: ದ್ರಾಕ್ಷಿ ಬೆಳೆಗಾರರ ಮೊಣಕಾಲಿನ ಆಪರೇಷನ್, ದೊಡ್ಡಮ್ಮನ ಕಣ್ಣಿನ ಪೊರೆ. ಅಣ್ಣ ಆ ಮೊಣಕಾಲಿನ ಸುದ್ದಿಯನ್ನು ನನಗಿಂತ ಮೊದಲು ಕೇಳುತ್ತಾನೆ.

ಮುಂದಿನ ಬೆಳೆ ಹಬ್ಬಕ್ಕೆ ಅವರು ಬರುತ್ತಾರೆ. ಅದಾದ ಮೇಲಿನ ಬೇಸಿಗೆಯಲ್ಲಿ ನಮ್ಮವರು ಹೋಗಬೇಕು. ಆ ವೈರಿಂಗ್ ಹುಡುಗನ ಅರ್ಜಿಯನ್ನು ಮತ್ತೆ ಹಾಕಿಸುತ್ತೇವೆ, ಈ ಸಲ ಅವನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಸಮೇತ. ಹೋಗುವ ಮನಸ್ಸಿರುವ ಬೇರೆ ಹುಡುಗ ಹುಡುಗಿಯರು ಪಾಸ್‌ಪೋರ್ಟಿಗೆ ಈಗಲೇ ಅರ್ಜಿ ಹಾಕಿ, ಕೊನೆಗೆ ಓಡಾಡುವುದು ಬೇಡ. ರಿಜಿಸ್ಟರ್ ಓದುವ ಕೆಲಸಕ್ಕೂ ಜನ ಬೇಕು. ಹಳೆಯ ಕನ್ನಡ ಕೈಬರಹ ಓದಬಲ್ಲ ಅಜ್ಜ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಚರ್ಚಿನ ಕಚೇರಿಗೆ ಕರೆದುಕೊಂಡು ಬನ್ನಿ. ದೊಡ್ಡಮ್ಮನ ಕಣ್ಣಿನ ಆಪರೇಷನ್ ಆಗುವವರೆಗೆ ಅವರಿಗೆ ಓದಲು ಆಗುವುದಿಲ್ಲ, ಮೂರನೆಯ ರಿಜಿಸ್ಟರ್ ಅರ್ಧಕ್ಕೆ ನಿಂತಿದೆ.